ಟಾರೋ ಕಾರ್ಡ್ ಹಿಡ್ಕೊಂಡು ನಮ್ಮನ್ನೇ ನಾವು ನೋಡುದು ಹೇಗೆ?

ಹೋದ ಆಟಿ ತಿಂಗಳಲ್ಲಿ, ಮಳೆ ಬಿಡದೆ ಹೊಯ್ತಾ ಇರುವಾಗ, ಕಾಸರಗೋಡಿನ ನೀರ್ಚಾಲಿನ ನಮ್ಮ ಮನೆ ಜಗಲಿಯಲ್ಲಿ ಕೂತು ಟಾರೋ ಕಟ್ಟಿಂದ, ಅಂದ್ರೆ ಭವಿಷ್ಯ ಹೇಳ್ಲಿಕ್ಕೆ ಅಂತ ಜನ ಬಳಸುವ ಚಿತ್ರದ ಕಾರ್ಡುಗಳ ಕಟ್ಟಿಂದ, ಒಂದು ಕಾರ್ಡ್ ತೆಗ್ದೆ. ಕಪ್ಪು ಹೊದಿಕೆಯ ಒಬ್ಬ ಮನುಷ್ಯ ತಲೆ ತಗ್ಗಿಸಿ ನಿಂತಿದ್ದಾನೆ, ಮುಂದೆ ಮೂರು ಬಟ್ಟಲು ಮಗುಚಿ ಬಿದ್ದಿದೆ. ನನಗೆ ಕೂಡ್ಲೇ ನೆನಪಾದ್ದು ಎಲೆಚುಕ್ಕಿ ರೋಗಕ್ಕೆ ಸೊರಗಿದ ನಮ್ಮ ಮೇಲಿನ ತೋಟ. ಐದು ನಿಮಿಷ ಅದನ್ನೇ ನೋಡ್ತಾ ಕೂತೆ, ಆಮೇಲೆ ಕಣ್ಣಿಗೆ ಬಿತ್ತು, ಅವನ ಬೆನ್ನ ಹಿಂದೆ ಇನ್ನೂ ಎರಡು ಬಟ್ಟಲು ನೆಟ್ಟಗೆ ನಿಂತಿದೆ, ಆಚೆ ಹೊಳೆಗೆ ಒಂದು ಸಂಕ ಉಂಟು, ಸಂಕದಾಚೆ ಮನೆ ಉಂಟು. ಆ ಎರಡು ಬಟ್ಟಲು ನನಗೆ ಇಷ್ಟು ಹೊತ್ತು ಯಾಕೆ ಕಾಣ್ಲಿಲ್ಲ? ಆ ಪ್ರಶ್ನೆ ಇಟ್ಕೊಂಡು ಅವತ್ತು ರಾತ್ರಿ ನಾಲ್ಕು ಪುಟ ಬರ್ದೆ. ಟಾರೋ ಅಂದ್ರೆ ನನಗೆ ಇಷ್ಟೇ, ನಿಮಗೂ ಇದನ್ನೇ ಹೇಳಿಕೊಡ್ಲಿಕ್ಕೆ ಹೊರಟದ್ದು.

ನಮ್ಮ ಊರಲ್ಲಿ ಪ್ರಶ್ನೆ ಇಡುದು ಹೊಸತಲ್ಲ. ಕವಡೆ ಹಾಕಿಸ್ತೇವೆ, ದೊಡ್ಡ ವಿಷಯ ಆದ್ರೆ ಅಷ್ಟಮಂಗಲ ಪ್ರಶ್ನೆ ಇಡಿಸ್ತೇವೆ. ಅಲ್ಲಿ ಎದುರಿಗೆ ದೈವಜ್ಞರು ಇರ್ತಾರೆ, ಅವರು ಹೇಳ್ತಾರೆ, ನಾವು ಕೇಳ್ತೇವೆ. ಇಲ್ಲಿ ಎದುರಿಗೆ ಯಾರೂ ಇಲ್ಲ, ಹೇಳುದೂ ನಾವೇ ಕೇಳುದೂ ನಾವೇ. ಕಾರ್ಡಿಗೆ ಎಂತದೂ ಗೊತ್ತಿಲ್ಲ, ಕಲಸಿದ ಕಟ್ಟಿಂದ ಯಾವುದೋ ಒಂದು ಬರ್ತದೆ, ಆದ್ರೆ ಆ ಚಿತ್ರ ನೋಡಿ ನಮ್ಮ ಬಾಯಿಂದ ಎಂತ ಬರ್ತದೆ ಅನ್ನುದು ಮಾತ್ರ ನಮ್ಮದೇ.

ಚರಿತ್ರೆ ಒಂಚೂರು ಗೊತ್ತಿದ್ರೆ ಹೆದರಿಕೆ ಅರ್ಧ ಹೋಗ್ತದೆ. 1440ರ ಹೊತ್ತಿಗೆ ಉತ್ತರ ಇಟಲಿಯಲ್ಲಿ ಇದು ಬರೀ ಇಸ್ಪೀಟಿನ ಹಾಗೆ ಆಡುವ ಆಟ. 1781ರಲ್ಲಿ ಫ್ರಾನ್ಸಿನ ಕೋರ್ ದ ಜೆಬೆಲಿನ್ ಅನ್ನುವವರು ಇದು ಈಜಿಪ್ಟಿನ ಪುರಾತನ ಜ್ಞಾನ ಅಂತ ಆಧಾರ ಇಲ್ಲದೆ ಬರೆದ್ರು, ಅಲ್ಲಿಂದ ಗುಟ್ಟು ಮಂತ್ರದ ಬಣ್ಣ ಹತ್ತಿತು.

ಯಾವ ಕಟ್ಟು ತಗೊಳ್ಳುದು

ಮೊದಲ ಸಲಕ್ಕೆ 1909ರಲ್ಲಿ ಲಂಡನ್ನಲ್ಲಿ ಬಂದ ರೈಡರ್ ವೇಟ್ ಕಟ್ಟೇ ಸಾಕು. ಚಿತ್ರ ಹೇಗಿರ್ಬೇಕು ಅಂತ ಹೇಳಿದ್ದು ಆರ್ಥರ್ ವೇಟ್, ಬರೆದದ್ದು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಹೆಂಗಸು, ಎಷ್ಟೋ ವರ್ಷ ಪೆಟ್ಟಿಗೆ ಮೇಲೆ ಅವಳ ಹೆಸರೇ ಇರ್ಲಿಲ್ಲ, ನನಗೆ ಈಗ್ಲೂ ಬೇಜಾರು ಆಗ್ತದೆ, ಯಾಕಂದ್ರೆ ನಾವು ಓದುದು ಅವಳ ಚಿತ್ರವನ್ನೇ. ಹಳೇ ಕಟ್ಟುಗಳಲ್ಲಿ ಹೆಚ್ಚಾಗಿ ಐದು ಬಟ್ಟಲು ಅಂದ್ರೆ ಐದು ಬಟ್ಟಲಿನ ಚಿತ್ರ ಅಷ್ಟೆ, ಇವಳು ಹೆಚ್ಚಿನದ್ದಕ್ಕೂ ಮನುಷ್ಯರನ್ನು, ಆಕಾಶವನ್ನು, ದಾರಿಯನ್ನು ಬರೆದ್ಲು. ಒಟ್ಟು 78 ಕಾರ್ಡ್, ಅದ್ರಲ್ಲಿ 22 ದೊಡ್ಡವು, ಬದುಕಿನ ದೊಡ್ಡ ತಿರುವುಗಳದ್ದು. ಬಾಕಿ 56 ದಿನನಿತ್ಯದ್ದು, ನಾಲ್ಕು ಪಂಗಡ: ದಂಡ ಅಂದ್ರೆ ಹುಮ್ಮಸ್ಸು, ಬಟ್ಟಲು ಅಂದ್ರೆ ಭಾವನೆ, ಖಡ್ಗ ಅಂದ್ರೆ ಯೋಚನೆ, ನಾಣ್ಯ ಅಂದ್ರೆ ದುಡಿಮೆ ಮತ್ತು ಶರೀರ. ಇದನ್ನು ಬಾಯಿಪಾಠ ಮಾಡ್ಬೇಡಿ.

ಪ್ರಶ್ನೆ ತಿರುಗಿಸುದು

ಎಲ್ಲಕ್ಕಿಂತ ಕಷ್ಟದ ಹಂತ ಇದು. ಮಗನಿಗೆ ಗಲ್ಫಲ್ಲಿ ಕೆಲಸ ಆಗ್ತದಾ, ತೋಟ ಮಾರಿದ್ರೆ ಒಳ್ಳೆದಾ, ಅವಳ ಮನಸ್ಸಲ್ಲಿ ಎಂತ ಉಂಟು, ಇಂಥದ್ದು ಕೇಳ್ಬೇಡಿ. ಹೌದು ಅಲ್ಲ ಅಂತ ಉತ್ತರ ಬರುವ ಪ್ರಶ್ನೆಯೂ ಬೇಡ, ಇನ್ನೊಬ್ಬರ ಮನಸ್ಸಿನ ಪ್ರಶ್ನೆಯೂ ಬೇಡ. ಅದನ್ನೇ ನಮ್ಮ ಕಡೆ ತಿರುಗಿಸ್ಬೇಕು: ಮಗ ದೂರ ಹೋಗುದ್ರಲ್ಲಿ ನನಗೆ ಎಂತದ್ರ ಹೆದರಿಕೆ? ತೋಟ ಮಾರುದು ಅಂದಾಗ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುದು ಯಾಕೆ? ಪ್ರಶ್ನೆ ಪುಸ್ತಕದಲ್ಲಿ ಬರೀರಿ, ತಾರೀಕು ಹಾಕಿ.

ತೆಗೆಯುದು, ನೋಡುದು

ಫೋನ್ ಒಳಗೆ ಇಡಿ. ಸಂಜೆ ದೀಪ ಹಚ್ಚಿ ಆದ ಮೇಲೆ ನನಗೆ ಮನಸ್ಸು ನಿಲ್ತದೆ, ನಿಮಗೆ ಬೆಳಗ್ಗೆ ಆಗ್ಬಹುದು. ಕಾರ್ಡು ಕಲಸಿ ಒಂದೇ ಒಂದು ತೆಗೀರಿ. ತಲೆಕೆಳಗೆ ಬಂದ್ರೆ ನೆಟ್ಟಗೆ ಮಾಡಿ, ತಲೆಕೆಳಗಿನ ಅರ್ಥ ಎಲ್ಲ ವರ್ಷ ಕಳೆದ ಮೇಲೆ ನೋಡಿದ್ರಾಯ್ತು. ಪೆಟ್ಟಿಗೆಯೊಳಗಿನ ಅರ್ಥದ ಪುಸ್ತಕ ಈಗ್ಲೇ ತೆರೀಬೇಡಿ. ಐದು ನಿಮಿಷ ಬರೀ ನೋಡಿ. ಯಾರಿದ್ದಾರೆ, ಮುಖ ಯಾವ ಕಡೆಗೆ, ಕೈ ಎಂತ ಮಾಡ್ತಾ ಉಂಟು, ಹಿಂದೆ ಎಂತ ಉಂಟು, ಅವನು ಈಗಷ್ಟೇ ಎಲ್ಲಿಂದ ಬಂದ, ಇನ್ನು ಎಲ್ಲಿಗೆ ಹೋಗ್ತಾನೆ. ಆಮೇಲೆ, ಈ ಚಿತ್ರದಲ್ಲಿ ನಾನು ಎಲ್ಲಿದ್ದೇನೆ, ನನ್ನ ಕಣ್ಣು ಎಲ್ಲಿ ಹೋಗ್ಲಿಕ್ಕೆ ಒಪ್ಪುದಿಲ್ಲ ಅಂತ ಕೇಳಿ.

ಬರೆಯುದು, ಯಾವ ಭಾಷೆಯಲ್ಲಿ?

ಕಾಸರಗೋಡಿನವರಿಗೆ ಇದು ದೊಡ್ಡ ವಿಷಯ ಅಂತ ನನಗೆ ಕಾಣ್ತದೆ. ಮನೆಯಲ್ಲಿ ಹವ್ಯಕ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಲ್ಲಿ ಮಲಯಾಳ, ಹೀಗೆ ನಮ್ಮ ಒಬ್ಬೊಬ್ಬರ ಒಳಗೂ ಮೂರ್ನಾಲ್ಕು ಭಾಷೆ ಉಂಟಲ್ಲ, ಸಿಟ್ಟು ಒಂದ್ರಲ್ಲಿ ಬರ್ತದೆ, ಅಳು ಇನ್ನೊಂದ್ರಲ್ಲಿ. ನಾನು ಸುರುವಿಗೆ ಚಂದದ ಪುಸ್ತಕದ ಕನ್ನಡದಲ್ಲಿ ಬರೀತಿದ್ದೆ, ವಾಕ್ಯ ಎಲ್ಲ ಒಳ್ಳೆದಿತ್ತು, ಸತ್ಯ ಮಾತ್ರ ಇರ್ಲಿಲ್ಲ. ಅಮ್ಮನ ಹತ್ರ ಮಾತಾಡುವ ಭಾಷೆಯಲ್ಲಿ ಒಂದು ಸಾಲು ಬರ್ದ ದಿನ ಕೈ ನಡುಗಿತು. ಬಾಯಿಗೆ ಯಾವುದು ಬರ್ತದೋ ಅದ್ರಲ್ಲೇ ಬರೀರಿ, ಒಂದೇ ಸಾಲಲ್ಲಿ ಮೂರು ಭಾಷೆ ಇದ್ರೂ ಅಡ್ಡಿಲ್ಲ, ಯಾರಿಗೂ ತೋರಿಸ್ಲಿಕ್ಕಿಲ್ಲ.

ನಮ್ಮ ಕಡೆ ಗುಡ್ಡಕ್ಕೆ ಅಡ್ಡಡ್ಡ ಸುರಂಗ ಕೊರೆದು ನೀರು ತೆಗೆಯುದು ನಿಮಗೆ ಗೊತ್ತುಂಟು. ಮುರಕಲ್ಲಿನ ಒಳಗೆ ಬಗ್ಗಿ ಕೂತು ಪಿಕ್ಕಾಸಲ್ಲಿ ಕೊರೀತಾ ಹೋಗುವವರು ಗೋಡೆ ಎಲ್ಲಿ ಒದ್ದೆ ಅಂತ ಕೈಯಿಟ್ಟು ನೋಡ್ತಾರೆ. ಬರೆಯುವಾಗ ಪೆನ್ನು ಎಲ್ಲಿ ನಿಲ್ತದೋ, ಬೇಡ ಇನ್ನು ಸಾಕು ಅನ್ನಿಸ್ತದೋ, ಅಲ್ಲಿ ಒದ್ದೆ ಉಂಟು, ಅಲ್ಲೇ ಇನ್ನೆರಡು ಸಾಲು ಬರೀರಿ.

ಇಷ್ಟಾದ ಮೇಲೆ ಅರ್ಥದ ಪುಸ್ತಕ ತೆರೆದು ನೋಡಿ, ನಿಮ್ಮದಕ್ಕೆ ಹೊಂದಿದ್ರೆ ತಗೊಳ್ಳಿ, ಇಲ್ಲದಿದ್ರೆ ಬಿಡಿ.

ಒಂದು ತಿಂಗಳು ದಿನಕ್ಕೊಂದು ಕಾರ್ಡ್ ಸಾಕು. ಆಮೇಲೆ ಮೂರು ಇಡ್ಬಹುದು. ಹಿಂದೆ, ಈಗ, ಮುಂದೆ ಅಂತ ಇಡುವ ಕ್ರಮ ಉಂಟು, ನನಗೆ ಅದು ಆಗುದಿಲ್ಲ, ಮನಸ್ಸು ಪುನಃ ಭವಿಷ್ಯ ಕೇಳ್ಲಿಕ್ಕೆ ಓಡ್ತದೆ. ನಾನು ಇಡುದು ಹೀಗೆ: ಈಗ ನನ್ನೊಳಗೆ ಎಂತ ಉಂಟು, ಅದನ್ನು ತಡೀತಾ ಇರುದು ಎಂತ, ಈ ವಾರ ನಾನು ಮಾಡ್ಬಹುದಾದ ಒಂದು ಸಣ್ಣ ಕೆಲಸ ಎಂತ. ಮೂರನೇದಕ್ಕೆ ಉತ್ತರ ಕೈಯಲ್ಲಿ ಮಾಡುವಂಥದ್ದೇ ಆಗ್ಬೇಕು, ಅಣ್ಣನಿಗೆ ಫೋನ್ ಮಾಡುದು, ಬ್ಯಾಂಕಿನ ಕಾಗದ ತೆರೆದು ನೋಡುದು, ಹಾಗೆ. ಇಷ್ಟ ಆಗ್ಲಿಲ್ಲ ಅಂತ ಪುನಃ ಪುನಃ ತೆಗೀಬೇಡಿ, ಒಂದು ಪ್ರಶ್ನೆಗೆ ಒಂದೇ ಸಲ.

ಹೆದರಿಸುವ ಕಾರ್ಡು

13ನೇದು ಮರಣ, ಬಿಳಿ ಕುದುರೆ ಮೇಲೆ ಕವಚ ಹಾಕಿದ ಅಸ್ಥಿಪಂಜರ. ಬಂದ ಕೂಡ್ಲೇ ಎದೆ ಧಸಕ್ ಅಂತದೆ. ಅದು ಯಾರ ಸಾವನ್ನೂ ಹೇಳುದಿಲ್ಲ, ಮುಗಿದದ್ದನ್ನು ಮುಗಿದದ್ದು ಅಂತ ಒಪ್ಪಿಕೊಳ್ಳುದ್ರ ಚಿತ್ರ ಅದು, ದೂರದಲ್ಲಿ ಎರಡು ಗೋಪುರದ ನಡುವೆ ಸೂರ್ಯ ಕಾಣ್ತಾನೆ ನೋಡಿ. 16ನೇದು ಸಿಡಿಲು ಬಡಿದ ಗೋಪುರ, ಅದಕ್ಕೆ ನಾನು ಕೇಳುದು, ಯಾವ ಸುಳ್ಳನ್ನು ನಾನು ಇಷ್ಟು ಎತ್ತರ ಕಟ್ಟಿದ್ದೇನೆ ಅಂತ.

ನನಗೆ ಪ್ರೀತಿ 9ನೇ ಕಾರ್ಡು, ಹಿಮದ ಬೆಟ್ಟದ ಮೇಲೆ ಲಾಟೀನು ಹಿಡಿದ ಮುದುಕ ಸನ್ಯಾಸಿ. ಆ ಬೆಳಕು ಕಾಲಡಿಯ ನಾಲ್ಕು ಹೆಜ್ಜೆಗೆ ಮಾತ್ರ ಸಾಕಾಗುವಂಥದ್ದು. ಮಧೂರು ದೇವಸ್ಥಾನಕ್ಕೆ ಹೋಗಿ ಕೈ ಮುಗಿಯುವವರು ಇದನ್ನು ಮಾಡ್ಬಹುದಾ ಅಂತ ಸುಮಾರು ಜನ ಕೇಳಿದ್ದಾರೆ. ನಾನು ಎರಡೂ ಮಾಡ್ತೇನೆ. ಇದು ಪೂಜೆ ಅಲ್ಲ, ಪೂಜೆಯ ಬದಲಿಯೂ ಅಲ್ಲ, ಆದ್ರೆ ಕಾರ್ಡ್ ನೋಡಿ ಬರೀಲಿಕ್ಕೆ ಸುರು ಮಾಡಿದ ಮೇಲೆ ದೇವರ ಎದುರು ನಿಂತಾಗ ನನ್ನ ಬೇಡಿಕೆಯ ಪಟ್ಟಿ ಸಣ್ಣದಾಗಿದೆ, ಮನಸ್ಸು ಮೆತ್ತಗಾಗಿದೆ.

ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ. ಕಾಯಿಲೆಗೆ ಡಾಕ್ಟರು, ಜಾಗದ ತಕರಾರಿಗೆ ವಕೀಲರು. ರಾತ್ರಿ ನಿದ್ದೆ ಬಾರದೆ, ಬದುಕೇ ಬೇಡ ಅನ್ನಿಸ್ತಾ ಇದ್ರೆ ಕಾರ್ಡ್ ಮುಚ್ಚಿಟ್ಟು ಮನೆಯವರಿಗೆ ಹೇಳಿ, ಡಾಕ್ಟರ ಹತ್ರ ಹೋಗಿ. ನನ್ನ ಪರಿಚಯದ ಒಬ್ಬರಿಗೆ ಫೋನಲ್ಲೇ ಕಾರ್ಡ್ ನೋಡಿ ದೋಷ ಉಂಟು, ಪರಿಹಾರಕ್ಕೆ ಇಷ್ಟು ದುಡ್ಡು ಕಳಿಸಿ ಅಂತ ಹೆದರಿಸಿದ್ರು, ಪಾಪ, ಕಳಿಸಿದ್ರು ಸಹ. ಹೆದರಿಸಿದ ಕೂಡ್ಲೇ ಫೋನ್ ಕಟ್ ಮಾಡಿ.

ತಿಂಗಳಿಗೊಮ್ಮೆ ಪುಸ್ತಕ ಹಿಂದಿಂದ ಓದಿ, ಯಾವ ಶಬ್ದ ಪುನಃ ಪುನಃ ಬಂದಿದೆ ಅಂತ ಗೆರೆ ಹಾಕಿ. ನನ್ನದ್ರಲ್ಲಿ "ತಡ ಆಯ್ತು" ಅನ್ನುದು ಹನ್ನೊಂದು ಸಲ ಇತ್ತು, ಮುಂದಿನ ತಿಂಗಳ ಪ್ರಶ್ನೆ ಅದೇ ಆಯ್ತು.

ಕಾರ್ಡು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಹರಳು ಇಡ್ಬೇಕು ಅಂತ ಎಲ್ಲ ಹೇಳ್ತಾರೆ, ನಮ್ಮಲ್ಲಿ ಅದಕ್ಕಿಂತ ಬೂಸಲಿನ ಚಿಂತೆ ದೊಡ್ಡದು. ಮಳೆಗಾಲಕ್ಕೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಒಂದು ಬಟ್ಟೆಯ ಗಂಟಲ್ಲಿ ಹಿಡಿ ಅಕ್ಕಿ ಇಟ್ಟು ಮುಚ್ಚಿಡಿ. ಆಟಿ ಕಳೆದು ಸೋಣ ತಿಂಗಳಲ್ಲಿ ಬಿಸಿಲು ಬಂದಾಗ ಜಗಲಿಯ ನೆರಳಲ್ಲಿ ಪೇಪರ್ ಹಾಸಿ ಹರಡಿ, ನೇರ ಬಿಸಿಲಿಗೆ ಬೇಡ, ಬಣ್ಣ ಹೋಗ್ತದೆ.