ಆರ್ಕೇಡ್ ಪ್ಯಾನೆಲ್: ದಪ್ಪದ ಲೆಕ್ಕ, ಗಂಜೀಫಾ ಅಲಂಕಾರ

ಮನೆಯಲ್ಲೇ ಆರ್ಕೇಡ್ ಪೆಟ್ಟಿಗೆ (ಬಟನ್, ಜಾಯ್‌ಸ್ಟಿಕ್‌ನ ವಿಡಿಯೊ ಗೇಮ್ ಯಂತ್ರ) ಕಟ್ಟುವವರು ಮೊದಲು ಚಿತ್ರಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಬಟನ್, ಜಾಯ್‌ಸ್ಟಿಕ್ ಕೂರುವ ಹಲಗೆ, ಅಂದರೆ ಪ್ಯಾನೆಲ್, ಹಾಳಾಗುವುದು ಸಾಮಾನ್ಯವಾಗಿ ದಪ್ಪದ ಲೆಕ್ಕ ತಪ್ಪಿದಾಗ. ಜಪಾನಿನ ಸಾನ್ವಾ ಕಂಪನಿಯದಂಥ 30 ಮಿ.ಮೀ. ಸ್ನ್ಯಾಪ್-ಇನ್ (ಒತ್ತಿದರೆ ಕಿವಿಗಳಿಂದ ಕಚ್ಚಿಕೊಳ್ಳುವ) ಬಟನ್ ತೆಳು ತಗಡಿಗೆ ಹೇಳಿ ಮಾಡಿಸಿದ್ದು. 18 ಮಿ.ಮೀ. ಪ್ಲೈವುಡ್‌ನಲ್ಲಿ ಅದರ ಕಿವಿಗಳಿಗೆ ಹಿಡಿತ ಸಿಗದು, ಬಟನ್ ತೂತಿನೊಳಗೇ ತಿರುಗುತ್ತದೆ. ನಾನು ಹಾಕಿದ್ದು ಕೆಳಗಿನಿಂದ ನಟ್ ಬಿಗಿಯುವ, ಉದ್ದ ಕತ್ತಿನ ಅಮೆರಿಕನ್ ಮಾದರಿ. ತೂತು 28 ಮಿ.ಮೀ. ಪ್ಲೈ 18, ಅದರ ಮೇಲಿನ ಅಕ್ರಿಲಿಕ್ ಹಾಳೆ 3, ಒಟ್ಟು 21 ಆದರೂ ನಟ್‌ಗೆ ಥ್ರೆಡ್ ಉಳಿಯುತ್ತದೆ.

ಜಾಯ್‌ಸ್ಟಿಕ್‌ಗೆ ಆ ದಪ್ಪ ಆಗಿಬರದು. ಅದರ ತುದಿಯ ಗುಂಡು ತೀರಾ ತಗ್ಗಿಬಿಡುತ್ತದೆ. ಜಾಯ್‌ಸ್ಟಿಕ್‌ನ ತಗಡನ್ನು ಹಲಗೆಯ ಅಡಿಗಿಟ್ಟು ಗೆರೆ ಎಳೆದು, ರೂಟರ್‌ನಿಂದ (ಮರ ಕೆತ್ತುವ ಯಂತ್ರ) 10 ಮಿ.ಮೀ. ಆಳ ಕೆತ್ತಿ. ದಂಡ ಆಡಲು 24 ಮಿ.ಮೀ. ತೂತು. ಎಂ4 ಬೋಲ್ಟ್‌ಗಳನ್ನು ಮೇಲಿನಿಂದ ಇಳಿಸಿ, ತಲೆ ಹಲಗೆಗೆ ಸಮವಾಗಲಿ. ಉಬ್ಬಿದರೆ ಸ್ಟಿಕರ್ ಮೇಲೆ ಗುಳ್ಳೆಯಂತೆ ಕಾಣುತ್ತದೆ.

ಇನ್ನು ಚಿತ್ರ. ಮೈಸೂರಿನವರು ಅದಕ್ಕೆ ದೂರ ಹೋಗಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಛದ ಎಂಬ ಗಂಜೀಫಾ (ಕೈಯಿಂದ ಚಿತ್ರ ಬರೆದ ಹಳೆಯ ಇಸ್ಪೀಟು) ಆಟಗಳನ್ನು ರೂಪಿಸಿದವರು. ಗಂಜೀಫಾ ಎಲೆ ದುಂಡಗೆ, ಬಟನ್ನೂ ದುಂಡಗೆ. ಆದರೆ ಬಟನ್ ಅಂಚು ಸುಮಾರು 33 ಮಿ.ಮೀ.; ಮಧ್ಯದಿಂದ ಮಧ್ಯಕ್ಕೆ ರೂಢಿಯಂತೆ 36 ಇಟ್ಟರೆ ನಡುವೆ 3 ಮಾತ್ರ ಉಳಿಯುತ್ತದೆ, ಬಳ್ಳಿ ಬರೆದರೂ ಕಾಣದು. 40 ಇಟ್ಟರೆ ಮಕ್ಕಳ ಬೆರಳಿಗೆ ಎಟುಕದು. ನಾನು 38ಕ್ಕೆ ನಿಂತೆ: ಬಟನ್ ಸುತ್ತ ಒಂದೇ ಚಿನ್ನದ ಬಣ್ಣದ ಬಳೆ, ರಾಜ-ಮಂತ್ರಿ ಎಲೆಗಳೆಲ್ಲ ಪರದೆಯ ಕಡೆಯ ಅಂಚಿಗೆ. ಮಣಿಕಟ್ಟು ಕೂರುವ ಜಾಗದಲ್ಲಿ ಏನು ಬರೆದರೂ ವ್ಯರ್ಥ.

ಕಾಗದದ ನಕ್ಷೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಸೇರಿಸಿ ಪ್ರಿಂಟ್ ಹಾಕಿ, ಸ್ಕೇಲ್‌ನಿಂದ ಅಳೆಯಿರಿ. ಪ್ರಿಂಟರ್ ಪುಟಕ್ಕೆ ಕುಗ್ಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಫೋರ್ಸ್ಟ್‌ನರ್ ಬಿಟ್‌ನಿಂದ (ಅಗಲ ತೂತು ಕೊರೆಯುವ ಡ್ರಿಲ್ ತುದಿ) ಕೊರೆಯುವಾಗ ಅಡಿಗೆ ಚೂರು ಹಲಗೆ ಕೊಡಿ, ಇಲ್ಲದಿದ್ದರೆ ಪ್ಲೈ ಪದರ ಎದ್ದು ಹರಿಯುತ್ತದೆ. ಅಕ್ರಿಲಿಕ್ ಅನ್ನು ಮನೆಯಲ್ಲಿ ಕೊರೆಯಬೇಡಿ, ಅಂಚಿನ ಹತ್ತಿರ ಬಿರುಕು ಬಿಡುತ್ತದೆ. ನಾಮಫಲಕ ಮಾಡುವವರಲ್ಲಿ ಲೇಸರ್ ಕಟಿಂಗ್ ಮಾಡಿಸಿ, ತೂತು 28.5 ಇರಲಿ.

ಫ್ಲೆಕ್ಸ್ ಬೇಡ, ವಿನೈಲ್ ಕೇಳಿ, ಮ್ಯಾಟ್ ಲ್ಯಾಮಿನೇಶನ್ ಸಮೇತ. ಸಾಲ್ವೆಂಟ್ ಇಂಕ್ ಒಂದು ದಿನ ಆರದೆ ಲ್ಯಾಮಿನೇಶನ್ ಹಾಕಿಸಿದರೆ ಅಂಚು ಸುರುಳಿ ಸುತ್ತುತ್ತದೆ. ಅಂಗಡಿಯವರು ಅವಸರ ಮಾಡಿದರೂ ಒಪ್ಪಬೇಡಿ. ಬರಿಯ ಪ್ಲೈಗೆ ವಿನೈಲ್ ಹಿಡಿಯದು. ವುಡ್ ಸೀಲರ್ ಹೊಡೆದು, 220 ನಂಬರ್ ಉಪ್ಪುಕಾಗದ ತಿಕ್ಕಿ, ಧೂಳು ಒರೆಸಿ ಅಂಟಿಸಿ. ತೂತುಗಳ ಮೇಲಿನ ವಿನೈಲನ್ನು ಕೊನೆಗೆ ಹಲಗೆಯ ಅಡಿಯಿಂದ ಹೊಸ ಬ್ಲೇಡಿನಲ್ಲಿ ಕತ್ತರಿಸಿ.

ವೈರಿಂಗ್ ಸುಲಭ: ಆಟಗಾರನಿಗೊಂದು ಯುಎಸ್‌ಬಿ ಎನ್‌ಕೋಡರ್ (ಬಟನ್ ಒತ್ತಿದ್ದನ್ನು ಕಂಪ್ಯೂಟರ್‌ಗೆ ತಿಳಿಸುವ ಪುಟ್ಟ ಬೋರ್ಡು). ಬಟನ್‌ನ ಲೋಹದ ಕಾಲು 4.8 ಮಿ.ಮೀ. ಇದ್ದರೆ 2.8ರ ಕನೆಕ್ಟರ್ ಇರುವ ವೈರ್ ಕೂರದು, ನೋಡಿ ತರಿಸಿ. ಮೇಲೆ ತಳ್ಳಿದರೆ ಕೆಳಗೆ ಹೋಗುತ್ತಿದೆಯೆ? ದಂಡದ ಬುಡ ಎದುರು ದಿಕ್ಕಿಗೆ ವಾಲಿ ಆ ಕಡೆಯ ಸ್ವಿಚ್ ಒತ್ತುತ್ತದೆ, ಅದಕ್ಕೇ ಹಾಗೆ. ಆ ಎರಡು ಸ್ವಿಚ್‌ಗಳ ವೈರ್ ಅದಲುಬದಲು ಮಾಡಿ.

ಪ್ಲಾಸ್ಟಿಕ್ ಗುಂಡು ಹಿಡಿಸದಿದ್ದರೆ ಚನ್ನಪಟ್ಟಣದಲ್ಲಿ ಆಲೆಮರದ 35 ಮಿ.ಮೀ. ಗುಂಡು ಕಡೆಸಿ, ಅರಗು ಹಾಕಿಸಿ. ಒಳಗೆ ಎಂ6 ಹಿತ್ತಾಳೆ ಇನ್ಸರ್ಟ್ ಕೂರಿಸಲೇಬೇಕು. ಬರಿಯ ಮರದ ಥ್ರೆಡ್ ಬೇಗ ಸವೆಯುತ್ತದೆ.