ಕಾಸರಗೋಡಿಗೆ ಹೊಸದಾಗಿ ಬಂದ ಕನ್ನಡ ಮನೆಗಳಿಗೆ: ಮಗು ಬಾಯಿ ಬಿಟ್ಟಾಗ

ಗಡಿ ದಾಟಿ ಬಂದ ಮನೆಗಳಲ್ಲಿ ಮಲೆಯಾಳ ಮೊದಲು ಹತ್ತುವುದು ಮಕ್ಕಳಿಗೆ. ರೇಷನ್ ಅಂಗಡಿಯಲ್ಲಿ, ಪಂಚಾಯತ್ ಆಫೀಸಿನಲ್ಲಿ ಅಪ್ಪ ಅಮ್ಮನಿಗೆ ದುಭಾಷಿಗಳಾಗುವುದೂ ಅವರೇ. ಅದೇನೋ ನಡೆದೀತು. ಆದರೆ ಮಗುವಿನ ಮೇಲೆ ಯಾರಾದರೂ ಕೈಮಾಡಿದ್ದಾರೆ ಎಂಬ ಮಾತು ಬಂದಾಗ ಅಕ್ಕನನ್ನೋ ತಮ್ಮನನ್ನೋ ದುಭಾಷಿ ಮಾಡಬೇಡಿ. ಭಾಷೆ ಬರುತ್ತದೆಂದು ಪಕ್ಕದ ಮನೆಯವರನ್ನೂ ಸ್ಟೇಷನ್ನಿಗೆ ಕರೆದೊಯ್ಯಬೇಡಿ. ಇಂಥ ಕೃತ್ಯ ಮಾಡುವವರು ಹೆಚ್ಚಾಗಿ ಮಗುವಿಗೆ ಪರಿಚಯದವರೇ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ದೂರು ಬರೆಯುವುದಾದರೆ ದುಭಾಷಿಯನ್ನು ಒದಗಿಸಬೇಕೆಂದು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಯುವ 2012ರ ಪೋಕ್ಸೋ ಕಾಯ್ದೆಯೇ ಹೇಳುತ್ತದೆ. ಕೇಳಿ ಪಡೆಯಿರಿ.

ಆಡುವ ಮಗುವಿಗೆ ಮೊಣಕಾಲು, ಹಣೆ ತರಚುವುದು ಸಹಜ. ಕಿವಿ, ಕುತ್ತಿಗೆ, ಬೆನ್ನು, ತೊಡೆಯ ಒಳಭಾಗ ಕಂದಿದ್ದರೆ, ಇನ್ನೂ ಅಂಬೆಗಾಲಿಡದ ಕೂಸಿನ ಮೈಯಲ್ಲಿ ಎಲ್ಲೇ ಆಗಲಿ ಕಂದಿದ ಗುರುತಿದ್ದರೆ, 'ಬಿದ್ದದ್ದು' ಎಂಬ ಮಾತನ್ನು ಅಲ್ಲಿಗೇ ಬಿಡಬೇಡಿ.

ಮಗು ಹೇಳತೊಡಗಿದರೆ 'ಆ ಮಾಮನೇ ಅಲ್ವಾ?' ಎಂದು ನೀವು ಹೆಸರು ಎತ್ತಿಕೊಡಬೇಡಿ. ಮುಂದೆ ಕೋರ್ಟಿನಲ್ಲಿ 'ಹೇಳಿಕೊಟ್ಟದ್ದು' ಎಂಬ ವಾದಕ್ಕೆ ಅದೇ ಆಧಾರ. 'ಆಮೇಲೆ?' ಎಂದಷ್ಟೇ ಕೇಳಿ, ಮಗು ಬಳಸಿದ ಮಾತುಗಳನ್ನು ತುಳುವಿರಲಿ, ಹವ್ಯಕವಿರಲಿ ಹಾಗೆಯೇ ತಾರೀಕು, ಗಂಟೆ ಹಾಕಿ ಬರೆದಿಡಿ. ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ ಸ್ನಾನ ಮಾಡಿಸಬೇಡಿ. ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ಪಸೆ ಕಟ್ಟಿ ಸಾಕ್ಷ್ಯ ಹಾಳಾಗುತ್ತದೆ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಚಿಕಿತ್ಸೆಗೆ ಎಫ್‌ಐಆರ್ ಬೇಕಿಲ್ಲ. ಖಾಸಗಿ ಆಸ್ಪತ್ರೆಯೂ ದುಡ್ಡು ಕೇಳುವಂತಿಲ್ಲ. ಹೆಣ್ಣುಮಗುವಿನ ತಪಾಸಣೆ ಲೇಡಿ ಡಾಕ್ಟರೇ ಮಾಡಬೇಕು, ನೀವು ಜೊತೆಗಿರಬಹುದು.

ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಪುಕ್ಕಟೆ. ಫೋನ್ ಎತ್ತಿದ ಕೂಡಲೇ ಕನ್ನಡದಲ್ಲಿ ಮಾತಾಡುವವರು ಬೇಕು ಎನ್ನಿ. ಪಂಚಾಯತ್, ವಾರ್ಡ್, ಮಗುವಿನ ಪ್ರಾಯ, ಅಪಾಯ ಈಗಲೂ ಇದೆಯೇ ಎಂಬುದನ್ನು ಹೇಳಿ. ಈ ಕ್ಷಣದ ಅಪಾಯಕ್ಕೆ 112. ಹೊಟ್ಟೆಗಿಲ್ಲದೆ, ಶಾಲೆ ಬಿಟ್ಟು ಕೂಸು ನೋಡಿಕೊಳ್ಳುತ್ತಿರುವ ಮಗುವಿನ ವಿಷಯಕ್ಕೂ 1098 ಸಾಕು. ಬಡತನವೆಲ್ಲ ನಿರ್ಲಕ್ಷ್ಯವಲ್ಲ, ಅಂಥಲ್ಲಿ ಬೇಕಾದದ್ದು ಕೇಸಲ್ಲ, ನೆರವು. ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿದ್ದರೆ ಮಾತ್ರ ಆರು ತಿಂಗಳವರೆಗೆ ಜೈಲಾಗಬಹುದು. ಊರಿನ ಹಿರಿಯರು ಕೂತು ರಾಜಿ ಮಾಡಿಸಿದರೆ ಈ ಹೊಣೆ ತಪ್ಪುವುದಿಲ್ಲ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರಿಗೆ ಕಾನೂನಿನ ರಕ್ಷೆಯಿದೆ.

ಹೇಳಿಕೆಗೆ ಇಲ್ಲಿ 'ಮೊಳಿ' ಅನ್ನುತ್ತಾರೆ. ಅದನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಜಾಗದಲ್ಲಿ, ಪೊಲೀಸರು ಯೂನಿಫಾರ್ಮ್ ಇಲ್ಲದೆ ಬಂದು, ಮಗು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ಹೆಚ್ಚಾಗಿ ಎಡವಟ್ಟಾಗುವುದು ಇಲ್ಲೇ. 'ಚಡ್ಡಿ ಒಳಗೆ ಕೈ ಹಾಕಿದ' ಎಂದು ಮಗು ಹೇಳಿದ್ದು ಮಲೆಯಾಳದ ಕಾಗದದಲ್ಲಿ 'ಮೈ ಮುಟ್ಟಿದ' ಎಂದಾದರೆ ಅಪರಾಧದ ತೂಕವೇ ಇಳಿಯುತ್ತದೆ. ಸಹಿ ಹಾಕುವ ಮೊದಲು ಸಾಲು ಸಾಲಾಗಿ ಕನ್ನಡದಲ್ಲಿ ಓದಿಸಿ, ನಿಮ್ಮ ಚೀಟಿಗೆ ತಾಳೆ ನೋಡಿ, ತಪ್ಪಿದ್ದರೆ ತಿದ್ದಿಸಿ. ಎಫ್‌ಐಆರ್ ಪ್ರತಿ ಉಚಿತ.

ಘಟನೆ ಗಡಿಯ ತಲಪಾಡಿಯ ಆಚೆ, ಮಂಗಳೂರಿನಲ್ಲಿ ನಡೆದಿದ್ದರೂ ಮಂಜೇಶ್ವರ ಸ್ಟೇಷನ್‌ನಲ್ಲೇ ದೂರು ಕೊಡಬಹುದು. ಅಲ್ಲಿ ಝೀರೋ ಎಫ್‌ಐಆರ್ ಹಾಕಿ ಆಚೆಗೆ ಕಳಿಸುತ್ತಾರೆ. 'ಅಲ್ಲಿಗೇ ಹೋಗಿ' ಎಂದರೆ 'ಝೀರೋ ಎಫ್‌ಐಆರ್' ಎಂಬ ಪದವನ್ನೇ ಬಳಸಿ ಕೇಳಿ.