ಆನೆ ಸಾಲಿಗೆ ಎಷ್ಟೆತ್ತರ?

ಹಾಸನದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಹತ್ತಕ್ಕೆ ಆರು, ಹತ್ತಕ್ಕೆ ಎಂಟು ಅಂತ ಅಂಕ ಹಾಕಿ ಅಭ್ಯಾಸವೇ ಹೊರತು ಪ್ರದರ್ಶನ ಕಟ್ಟಿ ಗೊತ್ತಿರಲಿಲ್ಲ. ಊರಿನ ನಾಲ್ಕೈದು ಕಲಾವಿದರು ಸೇರಿ ಹೊಯ್ಸಳ ಶಿಲ್ಪಗಳ ಚಿತ್ರಪ್ರದರ್ಶನ ಮಾಡಲು ಹೊರಟಾಗ, ಮಕ್ಕಳ ಗೋಡೆಯನ್ನು ನನ್ನ ತಲೆಗೆ ಕಟ್ಟಿದರು. ಆಹ್ವಾನ ಪತ್ರಿಕೆಯಲ್ಲಿ ‘ಸಹ ಕ್ಯುರೇಟರ್’ ಎಂದು ಅಚ್ಚಾಗಿತ್ತು. ಹಾಗಂದರೇನು ಎಂದು ಮನೆಯವಳು ಕೇಳಿದಾಗ, ಚಿತ್ರ ಆರಿಸಿ ನೇತುಹಾಕೋದು ಅಂದೆ. ನಂಬಿದ್ದೂ ಅಷ್ಟನ್ನೇ.

ಎರಡು ಭಾನುವಾರ ಮಕ್ಕಳನ್ನು ಹಳೇಬೀಡಿಗೆ ಕರೆದೊಯ್ದಿದ್ದೆ. ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಬುಡದಲ್ಲಿ ಆನೆ ಸಾಲು; ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಎಲ್ಲಕ್ಕೂ ಮೇಲೆ ಹಂಸ. ನೆಲದ ಮೇಲೆ ಕೂತು ಬರೆಯುವ ಮಕ್ಕಳಿಗೆ ಎದುರಿಗೆ ಸಿಗುವುದು ಆನೆ. ಹಾಗಾಗಿ ಕೈಗೆ ಬಂದ 112 ಹಾಳೆಗಳಲ್ಲಿ ಮುಕ್ಕಾಲು ಪಾಲು ಆನೆಯೇ. ಗೋಡೆಯಲ್ಲಿ ಜಾಗ ಇದ್ದದ್ದು 30ಕ್ಕೆ.

ಮೊದಲ ಸಲ ನೀಟಾಗಿ ಶೇಡಿಂಗ್ ಮಾಡಿದ್ದನ್ನೆಲ್ಲ ಎತ್ತಿಟ್ಟೆ. ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು, ನಮ್ಮ ತಂಡದ ಹಿರಿಯರು, ಕಟ್ಟು ತಿರುವಿ ಹಾಕಿ, “ಏನಪ್ಪಾ, ಒಂದೇ ಆನೆನ ಮೂವತ್ತು ಸಲ ನೇತುಹಾಕ್ತೀಯಾ?” ಅಂದರು. ಮುಖಕ್ಕೆ ಹೊಡೆದ ಹಾಗಾಯಿತು. ಕಲ್ಲಿನ ಆನೆಗಳು ಒಂದರಂತೆ ಇನ್ನೊಂದಿಲ್ಲ. ನನ್ನ ಮಕ್ಕಳ ಆನೆಗಳೆಲ್ಲ ಅಣ್ಣತಮ್ಮಂದಿರು. ಆ ಪಾಠ ಕಲಿಸಿದವನೂ ನಾನೇ ತಾನೆ!

ಶನಿವಾರ ಮಧ್ಯಾಹ್ನ ಬೆಂಚುಗಳನ್ನು ಬದಿಗೆ ಸರಿಸಿ ಅಷ್ಟೂ ಹಾಳೆ ಕ್ಲಾಸಿನ ನೆಲದ ಮೇಲೆ ಹರಡಿದೆ. ಆಗ ಕಣ್ಣಿಗೆ ಬಿದ್ದದ್ದು ಎಂಟನೇ ಕ್ಲಾಸಿನ ಹುಡುಗಿಯ ಅರ್ಧ ಚಿತ್ರ. ಬಸ್ಸಿಗೆ ಹೊತ್ತಾಯಿತೆಂದು ಒಂದು ಸೊಂಡಿಲು, ಒಂದು ಮುಂಗಾಲಿಗೇ ನಿಲ್ಲಿಸಿದ್ದಳು. ಅಂಗೈ ತಾಗಿ ಪೆನ್ಸಿಲ್ ಮಸಿ ಹರಡಿತ್ತು. ಆದರೆ ಆ ಸೊಂಡಿಲಿನ ತುದಿ ಮುರಿದಿದೆ. ಅವಳು ಮುರುಕನ್ನು ಮುರುಕಾಗಿಯೇ, ಒಳಗಿನ ಒರಟು ಕಲ್ಲಿನ ಸಮೇತ ಬರೆದಿದ್ದಳು. ಅದೇ ಆನೆಯ ಮುಂದೆ ಕೂತಿದ್ದ ಉಳಿದ ನಾಲ್ವರು ಸೊಂಡಿಲನ್ನು ರಿಪೇರಿ ಮಾಡಿಬಿಟ್ಟಿದ್ದರು. ಆ ಹಾಳೆಯ ಮೂಲೆಯಲ್ಲಿ ನನ್ನದೇ ಕೆಂಪು ಇಂಕಿನಲ್ಲಿ ‘5’ ಇತ್ತು. ಮಾರ್ಕು ಕಾಣದಂತೆ ಮೌಂಟ್ ಮಾಡಿಸಿ ಗೋಡೆಯ ಮಧ್ಯಕ್ಕೆ ಎತ್ತಿಟ್ಟೆ. ಉಳಿದವನ್ನು ಅದರ ಅಕ್ಕಪಕ್ಕ ಇಟ್ಟು ನೋಡುತ್ತಾ ಆರಿಸಿದೆ. ಚೆನ್ನಾಗಿದ್ದೂ ಪಕ್ಕದ ಚಿತ್ರವನ್ನು ಕೊಲ್ಲುತ್ತಿದ್ದ ಕೆಲವನ್ನು ಕೈಬಿಡಬೇಕಾಯಿತು. ಆ ಮಕ್ಕಳಿಗೆ ಕಾರಣ ಹೇಳುವುದು ಚಿತ್ರ ಆರಿಸುವುದಕ್ಕಿಂತ ಕಷ್ಟ.

ಜಗಳ ಆದದ್ದು ಎತ್ತರದ ವಿಷಯಕ್ಕೆ. ಚಿತ್ರದ ನಡುಭಾಗ ನೆಲದಿಂದ 58 ಇಂಚಿನ ಆಸುಪಾಸು ಇರಬೇಕು, ನಿಂತವರ ಕಣ್ಣಿಗೆ ಅದು ಸರಿ ಅಂತ ಗ್ಯಾಲರಿಗಳ ರೂಢಿ. ಹಿರಿಯರು ಅದಕ್ಕೇ ಪಟ್ಟು ಹಿಡಿದರು. ಆರನೇ ಕ್ಲಾಸಿನವನೊಬ್ಬನನ್ನು ನಿಲ್ಲಿಸಿ ನೋಡಿದರೆ ಅವನು ಕತ್ತು ಎತ್ತಬೇಕು. ಆನೆಗಳು ದೇವಸ್ಥಾನದಲ್ಲೇ ಕೆಳಗಿವೆ, ಇಲ್ಲೂ ಕೆಳಗಿರಲಿ, ಮೇಲಿನ ಸಾಲಿಗೆ ಕುದುರೆ, ಹಂಸ ಬರಲಿ ಅಂದೆ. ದೊಡ್ಡವರು ಬೇಕಾದರೆ ಬಗ್ಗಲಿ. ಅವರು ಮುನಿಸಿಕೊಂಡು ತಮ್ಮ ಗೋಡೆಗೆ ಹೋದರು. ಈಗಲೂ ಒಪ್ಪಿಲ್ಲ.

ಮೌಂಟ್ ಬೋರ್ಡನ್ನು ಡಬಲ್ ಟೇಪಿನಲ್ಲಿ ಅಂಟಿಸಿದ್ದು ನನ್ನ ತಪ್ಪು. ಆಗಸ್ಟ್ ತಿಂಗಳ ಜಡಿಮಳೆ, ಥಂಡಿ ಹಿಡಿದ ಡಿಸ್ಟೆಂಪರ್ ಗೋಡೆ. ಉದ್ಘಾಟನೆ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹನ್ನೊಂದು ಚಿತ್ರ ನೆಲದ ಮೇಲೆ, ಬೆನ್ನಿಗೆ ಗೋಡೆಯ ಬಣ್ಣದ ಹಕ್ಕಳೆ ಸಮೇತ. ಗೋಡೆಯ ಎರಡು ತುದಿಗೂ ಮೊಳೆ ಹೊಡೆದು, ನೈಲಾನ್ ದಾರ ಬಿಗಿದು, ಕ್ಲಿಪ್ ಹಾಕಿ ತೂಗುಬಿಟ್ಟೆವು. ಕ್ಲಿಪ್ಪಿನ ಗುರುತು ಬೀಳದಿರಲೆಂದು ನಡುವೆ ರಟ್ಟಿನ ಚೂರು. ಮೂರು ದಾರ ಮೂರು ಸಾಲಾಗಿ, ಟೇಪಿಗಿಂತ ಇದೇ ಹಳೇಬೀಡಿನ ಗೋಡೆಗೆ ಹತ್ತಿರವಾಯಿತು. ಪಡುವಣ ಕಿಟಕಿಯ ಎದುರಿದ್ದ ಜಲವರ್ಣಗಳನ್ನು ತೆಗೆದು ಅಲ್ಲಿಗೆ ಇದ್ದಿಲಿನ ಚಿತ್ರ ಹಾಕಿದೆವು. ಬಿಸಿಲಿಗೆ ಬಣ್ಣ ಬಿಳಚಿಕೊಳ್ಳುತ್ತದೆ, ಇದ್ದಿಲಿಗೆ ಆ ಭಯವಿಲ್ಲ.

ಅಷ್ಟರಲ್ಲಿ ಗಣ್ಯರ ಫೋಟೊಗಳ ಹತ್ತಡಿ ಫ್ಲೆಕ್ಸ್ ಬಂತು. ಒಳ್ಳೆಯ ಬೆಳಕಿದ್ದ ಗೋಡೆಗೇ ಅದು ಬೇಕಂತೆ! ಕಾಡಿ ಬೇಡಿ ಗೇಟಿಗೆ ಕಟ್ಟಿಸಿದೆ. ಚಿತ್ರದ ಕೆಳಗೆ ಅಂಟಿಸುವ ಚೀಟಿಯಲ್ಲಿ ತಂದೆಯ ಹೆಸರು, ಶಾಲೆ, ಮಾರ್ಗದರ್ಶಕರು ಎಲ್ಲ ಬರಬೇಕೆಂದರು. ಮಗುವಿನ ಹೆಸರು, ತರಗತಿ, ಎಲ್ಲಿ ಕೂತು ಬರೆದದ್ದು, ಅಷ್ಟು ಸಾಕು ಅಂದೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಕೆತ್ತಿಕೊಂಡಿರುವುದು ತಮ್ಮ ಹೆಸರನ್ನು, ಮುಖ್ಯ ಅತಿಥಿಗಳದ್ದಲ್ಲ.

ಇಷ್ಟು ಮಾತಾಡಿದ ನಾನೇ ಹಾಳೆಗಳ ಬೆನ್ನಿಗೆ ಹೆಸರು ಬರೆಸಲು ಮರೆತಿದ್ದೆ. ಪ್ರದರ್ಶನ ಬಿಚ್ಚುವ ದಿನ ಚೀಟಿಗಳು ಉದುರಿ, ಎಲ್ಲರಿಗೂ ಹಂಚಿ ಮುಗಿದ ಮೇಲೆ ಒಂದು ಆನೆ ಉಳಿಯಿತು. ಮೂರು ಕ್ಲಾಸಿನಲ್ಲಿ ಎತ್ತಿ ತೋರಿಸಿದೆ. ಯಾರೂ ತಮ್ಮದು ಅನ್ನಲಿಲ್ಲ. ಸ್ಟಾಫ್ ರೂಮಿನ ಬೀರುವಿನಲ್ಲಿದೆ.